ಗೆರೆಗಳಿದ್ದ ಜರ್ಮನ್ ಲೋಟ

ಅರವತ್ತು ದಾಟುವವರೆಗೂ ನನ್ನ ತುಟಿಗೆ ಲೋಟ ತಾಗಿರಲಿಲ್ಲ. ನೀವು ನಗಬಹುದು, ಸುಡುವ ಕಾಫಿಯನ್ನೂ ಎತ್ತಿಯೇ ಕುಡಿಯುವವನು ನಾನು. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ನಾನು ಕೆಲಸಕ್ಕಿದ್ದ ವೇರ್‌ಹೌಸಿನವರಿಗೆ ಊಟದ ಬಿಡುವಿನಲ್ಲಿ ಅದೊಂದು ಪುಕ್ಕಟೆ ಸರ್ಕಸ್ಸು. ಎಸ್ಸೆಸ್ಸೆಲ್ಸಿಗಿಂತ ಮುಂದೆ ಓದದ ನನಗೆ ಹೆಮ್ಮೆಪಡಲು ಬೇರೆ ವಿದ್ಯೆಯೂ ಇರಲಿಲ್ಲ.

ಆಮೇಲೆ ಆರ್ಥಿಕ ಹಿಂಜರಿತ ಬಂತು. ಪಕ್ಕದ ಮನೆಯ ಕಾರ್ಲ್, ಕಾರಿನ ಭಾಗಗಳ ನಕ್ಷೆ ಬರೆಯುತ್ತಿದ್ದವನು, ಕೆಲಸ ಕಳೆದುಕೊಂಡ. ಮನೆಯೂ ಬ್ಯಾಂಕಿನ ಪಾಲಾಯಿತು. ಚಿಕಾಗೋದ ಅಕ್ಕನ ಮನೆಗೆ ಹೊರಡುವ ಮುಂಚೆ, ಆಗಾಗ ಚಪಾತಿ ಕಳಿಸುತ್ತಿದ್ದ ನನ್ನ ಹೆಂಡತಿ ಶಾರದಾಗೆ ತನ್ನ ಮುತ್ತಜ್ಜನ ಕಾಲದ ಜರ್ಮನ್ ಲೋಟವೊಂದನ್ನು ತಂದುಕೊಟ್ಟ. ಹೆಚ್ಚುಕಡಿಮೆ ಮೊಳದುದ್ದ, ಹಸಿರು ಛಾಯೆಯ ಗಾಜು, ಬಳೆ ತೊಡಿಸಿದ ಹಾಗೆ ಮೈಸುತ್ತ ಗೆರೆಗಳು. ಪಾವು, ಚಟಾಕು ಅಳೆಯಲಿಕ್ಕಿರಬೇಕು ಎಂದು ನಾನು ತೀರ್ಪು ಕೊಟ್ಟೆ. ರಾಮನವಮಿಗೆ ಶಾರದಾ ಅದರ ತುಂಬ ಪಾನಕ ಮಾಡಿ ದೇವರ ಮುಂದಿಟ್ಟಳು.

ಕಾರ್ಲ್ ಹೋಗಿಬರುತ್ತೇನೆಂದು ಹೇಳಲು ಬಂದದ್ದು ಅವತ್ತೇ. ಪಾನಕ ಬಗ್ಗಿಸಿ ಕೊಡೋಣವೆಂದು ಲೋಟ ತಂದೆ. ಅವನು ಅದನ್ನೇ ಎರಡೂ ಕೈಯಲ್ಲಿ ಇಸಿದುಕೊಂಡು, ತುಟಿಯಿಟ್ಟು, ಮೊದಲ ಗೆರೆಯವರೆಗೆ ಕುಡಿದು, ನನ್ನತ್ತ ಚಾಚಿದ.

“ನಮ್ಮ ಹಿರಿಯರ ರೂಢಿ. ಒಬ್ಬರಾದ ಮೇಲೆ ಒಬ್ಬರು, ತಲೆಗೊಂದು ಗೆರೆ. ಗೆರೆ ತಪ್ಪಿದರೆ ಮುಂದಿನದನ್ನೂ ಕುಡಿಯಬೇಕು. ಆಗೆಲ್ಲ ಬಿಯರ್ ಇರುತ್ತಿತ್ತು,” ಎಂದ.

“ಬಿಯರ್ ಲೋಟ ಅಂತೆ ಕಣ್ರೀ,” ಶಾರದಾ ಕೂತಲ್ಲೇ ಹೇಳಿದಳು. “ದೇವರ ಮುಂದೆ ಇಟ್ಟಿದ್ದೀನಿ ನಾನು.”

ನಾನು ಬೆಚ್ಚಿಬಿದ್ದದ್ದು ಬಿಯರಿಗಲ್ಲ. ಊರಿಗೆಲ್ಲ ಒಂದೇ ಲೋಟ, ಎಲ್ಲರ ಬಾಯಿಯೂ ಅದೇ ಅಂಚಿಗೆ. ನಮ್ಮಜ್ಜಿ ಕೇಳಿದ್ದರೆ ಇಡೀ ಜರ್ಮನಿಗೆ ಸಗಣಿ ಸಾರಿಸಿ ಬರುತ್ತಿದ್ದಳು.

ಕಾರ್ಲ್ ಚಾಚಿದ ಕೈ ಹಾಗೇ ಇತ್ತು. ಕೊನೆಗೆ ಇಸಿದುಕೊಂಡು, ನನ್ನ ವಿದ್ಯೆಯನ್ನೇ ನಂಬಿ ಎತ್ತಿ ಸುರಿದುಕೊಂಡೆ. ಆ ಲೋಟವೇನು ಚೊಂಬೇ? ಪಾನಕ ಮೂಗಿಗೆ, ಕೊರಳಿಗೆ, ಅಂಗಿಗೆ. ಗೆರೆಯಂತೂ ತಪ್ಪಿತು.

“ಇನ್ನೊಂದು ಗೆರೆ ಕುಡೀಬೇಕಲ್ರೀ ಈಗ,” ಎಂದು ಶಾರದಾ ನಕ್ಕಳು.

ಕಾರ್ಲ್ ನಗಲಿಲ್ಲ. “ಪರವಾಗಿಲ್ಲ, ಬಿಡು,” ಎಂದು ಲೋಟ ವಾಪಸು ತೆಗೆದುಕೊಂಡ. ಕರವಸ್ತ್ರದಿಂದ ತಾನು ತುಟಿಯಿಟ್ಟಿದ್ದ ಅಂಚನ್ನು ಚೆನ್ನಾಗಿ ಒರೆಸಿ, ಮೇಜಿನ ಮೇಲಿಟ್ಟು ಹೊರಟ.

ಅವನ ಕಾರು ತಿರುವು ದಾಟಿದ ಮೇಲೆ, ಅವನು ಒರೆಸಿದ ಜಾಗಕ್ಕೇ ತುಟಿಯಿಟ್ಟು ಕುಡಿದೆ. ಗೆರೆ ಸರಿಯಾಗಿ ಬಂತು. ಕರೆದು ತೋರಿಸೋಣವೆಂದರೆ ಪಕ್ಕದ ಮನೆ ಖಾಲಿ.

ಈಗ ಪ್ರತಿ ರಾಮನವಮಿಗೂ ಮೊದಲ ಗೆರೆಯವರೆಗೆ ನಾನೇ ಕುಡಿದು, ಬಂದವರತ್ತ ಲೋಟ ಚಾಚುತ್ತೇನೆ. ಬೆಚ್ಚಿಬೀಳುವ ಸರದಿ ಅವರದು. “ಅಂಕಲ್, ಪೇಪರ್ ಕಪ್ ಇಲ್ವಾ?” ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನು ಬೇಸರಪಡುವುದಿಲ್ಲ. ಆದರೆ ಚಾಚಿದ ಕೈಯಲ್ಲಿ ಆ ಲೋಟ ಎಷ್ಟು ಭಾರ ಎಂಬುದು, ನಾನೇ ಚಾಚುವವರೆಗೆ ನನಗೂ ಗೊತ್ತಿರಲಿಲ್ಲ.