ಶಾಮ್‌ಬರ್ಗಿನಲ್ಲಿ ಒಂದು ‘ಆಹಾ’

ಹಾಡು ಅರ್ಧಕ್ಕೆ ಬಂದಿತ್ತು, ನನ್ನ ಬಾಯಿಂದ ‘ಆಹಾ’ ಹೊರಟೇಹೋಯಿತು. ಪರದೇಶದ ಶಾಮ್‌ಬರ್ಗಿನ ಆ ಪುಟ್ಟ ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಕೆಮ್ಮು ಬಂದರೂ ನುಂಗಿಕೊಂಡು ಕೂತಿದ್ದ ಜನ. ಪಕ್ಕದಲ್ಲಿದ್ದ ನಮ್ಮ ಮನೆಯವರು ಮೊಣಕೈಯಿಂದ ತಿವಿದು, "ಇಲ್ಲೆ ಹಂಗ ಒದರಬಾರದು, ಸುಮ್ನ ಕೂಡು" ಎಂದರು.

ಧಾರವಾಡದ ಸಂಗೀತ ಬೈಠಕ್ಕಿನಲ್ಲಿ ಕೇಳುಗರು ಬಾಯಿ ಮುಚ್ಚಿ ಕೂತರೆ ಗಾಯಕರಿಗೇ ಬೇಜಾರು. ಇಲ್ಲಿ ಹಾಡು ಮುಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಯಾರೂ ಮಿಸುಕುವುದಿಲ್ಲ. ಚಪ್ಪಾಳೆ ಏನಿದ್ದರೂ ಆಮೇಲೆ.

ಹಾಡುತ್ತಿದ್ದವರು ಉರ್ಸುಲಾ, ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಜರ್ಮನ್ ಅಜ್ಜಿ. ತಾವೇ ಹಾಡು ಕಟ್ಟಿ, ಗಿಟಾರ್ ಮೀಟುತ್ತ ತಾವೇ ಹಾಡುವವರು. ಮನೆಯವರು ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ, ಹಿಮ ಬಿದ್ದ ಬೀದಿಯಲ್ಲಿ ನರಪಿಳ್ಳೆ ಕಾಣದ ಮಧ್ಯಾಹ್ನಗಳಲ್ಲಿ, ಆ ದನಿ ನೆಲದಡಿಯಿಂದ ಏರಿ ಬರುತ್ತಿತ್ತು. ಒಂದು ಪದ ತಿಳಿಯದಿದ್ದರೂ ಸೌಟು ಹಿಡಿದು ನಿಂತಲ್ಲೇ ಅಳುತ್ತಿದ್ದೆ. ಅತ್ತ ಮೇಲೆ ಎಷ್ಟೋ ಹಗುರ. ಒಂದು ದಿನ ಕೆಳಗಿಳಿದು ಪರಿಚಯ ಮಾಡಿಕೊಂಡೆ, ಸ್ನೇಹವಾಯಿತು. ಆ ಹಾಡುಗಳಲ್ಲಿರುವ ಭಾವಕ್ಕೆ ಉರ್ಸುಲಾ ತಮ್ಮ ಭಾಷೆಯಲ್ಲಿ ‘ಝೇನ್‌ಝುಖ್ಟ್’ ಅನ್ನುತ್ತಾರೆ, ಕೈಗೆ ಸಿಗದ್ದಕ್ಕಾಗಿ ಮನಸ್ಸು ಹಾತೊರೆಯುವುದು. ನಮ್ಮ ಕಡೆಯ ಹಳಹಳಿಗೆ ಹತ್ತಿರದ ನೆಂಟನಿರಬೇಕು.

ಈ ಊರಲ್ಲಿ ಸಿಕ್ಕಿದ್ದ ಒಂದೇ ಸ್ನೇಹವನ್ನೂ ನನ್ನ ಬಾಯಿಂದಲೇ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ವಾರವಿಡೀ ಮೆಟ್ಟಿಲಿಳಿಯಲು ಹೆದರಿದೆ. ಕಡೆಗೆ ಅವರೇ ಬಂದು ಬಾಗಿಲು ತಟ್ಟಿದರು.

"ಅವತ್ತು ಹಾಡಿನ ಮಧ್ಯೆ ಏನೋ ಅಂದೆಯಲ್ಲ, ಏನದು?"

ಹೇಳಿದೆ. ಕ್ಷಮೆಯನ್ನೂ ಕೇಳಿದೆ.

"ಕ್ಷಮೆ ಯಾಕೆ? ಹಾಡುವಾಗ ಅದು ಯಾರಿಗಾದರೂ ಮುಟ್ಟುತ್ತಿದೆಯೋ ಇಲ್ಲವೋ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತು ಗೊತ್ತಾಯಿತು. ಮುಂದಿನ ಸಲ ನನ್ನ ಎದುರಿಗೇ ಕೂತುಕೋ."

ಕೂತೆ. ಹಾಡಿನ ನಡುವೆ ಉರ್ಸುಲಾ ಒಂದು ಸಾಲನ್ನು ಎಳೆದು ನಿಲ್ಲಿಸಿ ನನ್ನತ್ತ ನೋಡಿದರು. ಗಂಟಲು ಬಿಚ್ಚಿ ‘ಆಹಾ’ ಎಂದೆ. ಹಿಂದಿನ ಸಾಲಿನ ಮುದುಕರೊಬ್ಬರು ಅನುಮಾನಿಸುತ್ತಲೇ ‘ಆಹಾ’ ಎಂದರು. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು. ಕೊನೆಯ ಹಾಡಿನ ಹೊತ್ತಿಗೆ ಸಭೆಗೆ ಸಭೆಯೇ ಹೇಳುತ್ತಿತ್ತು. ಅಂದು ತಿವಿದಿದ್ದ ಮನೆಯವರ ದನಿಯೇ ಎಲ್ಲರಿಗಿಂತ ಜೋರು. ಊರನ್ನೇ ಗೆದ್ದಷ್ಟು ಖುಷಿಯಾಯಿತು ನನಗೆ.

ಈಚೆಗೆ ಧಾರವಾಡಕ್ಕೆ ಬಂದಿದ್ದಾಗ ಅಕ್ಕನ ಜೊತೆ ಬೈಠಕ್ಕಿಗೆ ಹೋದೆ. ಹಾಡು ಮುಗಿಯುತ್ತಲೇ ಚಪ್ಪಾಳೆ ಬಿತ್ತು. ನನ್ನ ಕೈಗಳು ಮಡಿಲಲ್ಲೇ ಇದ್ದವು.

"ಯಾಕ, ಹಾಡು ಸೇರಲಿಲ್ಲೇನು?" ಎಂದಳು ಅಕ್ಕ.

"ಭಾಳ ಸೇರ್ತು, ತಡಿ" ಎಂದೆ. ಆ ಒಂದು ಉಸಿರಿನ ಹೊತ್ತು ಇನ್ನೂ ಮುಗಿದಿರಲಿಲ್ಲ.