ಸೊನ್ನೆ ನಂಬರಿನ ಚಿತ್ರ

ಕಳೆದ ವಾರ ಕಪಾಟು ಖಾಲಿ ಮಾಡುವಾಗ ಹಳೆಯ ಸೀರೆಗಳ ಅಡಿಯಲ್ಲಿ ನನ್ನ ಮದುವೆಯ ಕ್ಯಾಸೆಟ್ಟು ಸಿಕ್ಕಿತು. ಡಬ್ಬಿ ತೆರೆದರೆ ನುಸಿಗುಳಿಗೆಯ ವಾಸನೆ. ಬೂಷ್ಟು ಹಿಡಿಯದಿರಲೆಂದು ಕ್ಯಾಸೆಟ್ಟಿನ ಜೊತೆ ನುಸಿಗುಳಿಗೆ ಹಾಕಿಕೊಡುವುದು ಮದುವೆಯ ವಿಡಿಯೋ ಮಾಡಿಕೊಟ್ಟ ಮೂಡುಬಿದಿರೆಯ ಸ್ಟುಡಿಯೋದವರ ಕ್ರಮ; ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದದ್ದು. ಮುಖಕ್ಕಿಂತ ಮೊದಲು ಅವರ ಬೆರಳುಗಳು ನೆನಪಾದವು, ಕೀಬೋರ್ಡಿನ ಮೇಲೆ ಅವಸರವೇ ಇಲ್ಲದ ಬೆರಳುಗಳು...

ಮದುವೆಯ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಪೇಟೆಯಲ್ಲಿ ಆಗಷ್ಟೇ ಶುರುವಾಗಿತ್ತು. ನನ್ನ ಮದುವೆ ಕಳೆದು ವಾರವಾಗಿರಲಿಲ್ಲ, ಅಪ್ಪನಿಗೂ ಸೋದರಮಾವನಿಗೂ ಮಾತು ಬಿಟ್ಟುಹೋಯಿತು. ಕಾರಣ ಕೇಳಿದರೆ ನಗುತ್ತೀರಿ: ಊಟದ ಪಂಕ್ತಿಯಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು ಎಂಬುದು. ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ವಿಡಿಯೋದಲ್ಲಿ ಮಾವ ಎಲ್ಲಿಯೂ ಕಾಣಬಾರದೆಂದು ಹಟ ಹಿಡಿದು ನಮ್ಮೂರು ಬೆಳುವಾಯಿಯಿಂದ ಸ್ಟುಡಿಯೋಗೆ ಹೊರಟೇಬಿಟ್ಟರು. ತಡೆಯಲಾಗದೆ ನಾನೂ ಜೊತೆಗೆ ಹೋದೆ. ನನ್ನ ಕೈ ಹಿಡಿದು ಮಂಟಪಕ್ಕೆ ಕರೆತಂದವರೇ ಮಾವ. ಅವರನ್ನು ತೆಗೆದರೆ ನಾನು ಆಕಾಶದಿಂದ ಇಳಿದು ಬಂದೆನೇ?

ಪರದೆಯ ಕೆಳಗೆ ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಫ್ರೇಮಿನ ನಂಬರು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಎಂದು ಅಣ್ಣ ವಿವರಿಸಿದರು. ಆದರೆ ನಂಬರು ಇಪ್ಪತ್ತನಾಲ್ಕಕ್ಕೆ ಬಂದು ಮತ್ತೆ ಸೊನ್ನೆಗೆ ಹಾರುತ್ತಿತ್ತು. ಇಪ್ಪತ್ತೈದನೆಯದನ್ನು ಎಲ್ಲಿ ಅಡಗಿಸಿದ್ದೀರಿ ಎಂದು ಅಪ್ಪ ಗದರಿದರು. ಎಣಿಕೆ ಸೊನ್ನೆಯಿಂದ ಶುರು, ಸೊನ್ನೆಯದ್ದೂ ಒಂದು ಚಿತ್ರವೇ ಎಂದು ಅಣ್ಣ ಹೇಳಿದ್ದು ಅವರ ತಲೆಗೆ ಹೋಗಲಿಲ್ಲ.

ಒಂದೊಂದೇ ಕಡೆಯಿಂದ ಮಾವ ಮಾಯವಾದರು. ಕೊನೆಗೆ ಉಳಿದದ್ದು ಒಂದೇ ಸೆಕೆಂಡು, ನನ್ನ ಕೈ ಹಿಡಿದು ಮಾವ ಮಂಟಪ ಹತ್ತುವುದು.

“ಸೊನ್ನೆಯಲ್ಲಿ ಎಂಥ ಉಂಟು? ಒಂದರಿಂದ ಇಪ್ಪತ್ತನಾಲ್ಕರ ತನಕ ತೆಗೀರಿ,” ಎಂದರು ಅಪ್ಪ.

ಅಣ್ಣ ನನ್ನ ಕಡೆ ನೋಡಿದರು. ನನ್ನ ಕಣ್ಣು ತುಂಬಿತ್ತು. ಅಪ್ಪ ಹೇಳಿದಂತೆಯೇ ಮಾಡಿದರು.

ನಾನು ಕ್ಯಾಸೆಟ್ಟು ತರಲು ಹೋದಾಗ ಅಣ್ಣ ಮೆಲ್ಲಗೆ ಹೇಳಿದರು: “ಅಪ್ಪ ಹೇಳಿದಷ್ಟೇ ತೆಗೆದದ್ದು ತಂಗಿ. ಸೊನ್ನೆಯಲ್ಲಿ ಮಾವ ಇದ್ದಾರೆ.”

ಟಿ.ವಿ.ಯಲ್ಲಿ ಎಷ್ಟು ಸಲ ಹಾಕಿದರೂ ಅದು ಸಿಗುತ್ತಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಏನೋ ಸರಿದ ಹಾಗೆ... ನಮ್ಮ ವಿ.ಸಿ.ಆರ್. ಬೇಕಾದಲ್ಲಿ ನಿಲ್ಲುವ ಪೈಕಿಯದಲ್ಲ. ಆದರೂ ಮಾವ ಒಳಗೆ ಇದ್ದಾರೆಂಬ ಸಮಾಧಾನ ನನಗಿತ್ತು. ಆ ಅಣ್ಣನ ಮೇಲೆ ಆಗ ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

ಅಪ್ಪ-ಮಾವ ಮತ್ತೆ ಮಾತಾಡಲೇ ಇಲ್ಲ. ಮಾವ ತೀರಿಕೊಂಡ ದಿನವೂ ಅಪ್ಪ ಅವರ ಅಂಗಳದಲ್ಲಿ ನಿಂತು ಹಾಗೆಯೇ ಹಿಂತಿರುಗಿದ್ದರು.

ಕಳೆದ ವಾರ ಸಿಕ್ಕಿದ ಕ್ಯಾಸೆಟ್ಟನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದೆ. ನಿನ್ನೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿ ಒಂದೊಂದೇ ಫ್ರೇಮ್ ಸರಿಸುತ್ತಾ ಹೋದೆ. ನಂಬರುಗಳು ಬೇರೆಯಾಗಿದ್ದವು, ಮಾವ ಮಾತ್ರ ಇದ್ದರು. ಬಿಳಿ ಪಂಚೆ, ನನ್ನ ಕೈಯ ಮೇಲೆ ಅವರ ಕೈ. ಅಪ್ಪ ತುಂಬ ಹೊತ್ತು ನೋಡಿದರು. ಇದು ಹೇಗೆ ಉಳಿಯಿತು ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯಲಿಲ್ಲ. ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಂಡರು.

“ಆ ಸ್ಟುಡಿಯೋದವರ ಹತ್ತಿರ ಒಮ್ಮೆ ಹೋಗಿ ಬರುವ,” ಎಂದರು.

ಅಣ್ಣ ತೀರಿಕೊಂಡು ವರ್ಷಗಳಾದವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಹೋಗುವ, ಅಪ್ಪ,” ಎಂದುಬಿಟ್ಟೆ.