ಚಿರಿನೊ ಹಾಕಿದ ನಲವತ್ತು ಗುರುತು

ಎಪ್ಪತ್ತೊಂದನೆಯ ವಯಸ್ಸಿಗೆ ಚಿರಿನೊಗೆ ಬೇಕಾಗಿದ್ದುದು ಒಂದೇ. ಈ ಚಳಿಗಾಲದ ಕೆಲಸ ಮುಗಿಸಿ, ಬಳ್ಳಿ ಸವರುವ ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಮತ್ತೆ ಅದರ ಮುಖ ನೋಡಬಾರದು. ಹೋಗುವಾಗ ಹೆಸರು ಕೆಟ್ಟಿರಬಾರದು, ಅಷ್ಟೇ.

ಹದಿನಾರಕ್ಕೆ ಕತ್ತರಿ ಹಿಡಿದವನು. ಎಟ್ನಾ ಅಗ್ನಿಪರ್ವತದ ಉತ್ತರದ ಇಳಿಜಾರಿನಲ್ಲಿ, ರಾಂದಾತ್ಸೊಗೆ ಹೋಗುವ ರಸ್ತೆಯ ಮೇಲ್ಭಾಗದಲ್ಲಿ, ಅವನ ಕೈ ಆಡದ ದ್ರಾಕ್ಷಿ ತೋಟ ಕಡಿಮೆ. ನಡುವೆ ಒಂದು ವರ್ಷ ಜರ್ಮನಿಯ ಇಟ್ಟಿಗೆ ಕಾರ್ಖಾನೆಗೆ ಹೋಗಿದ್ದ. ಅಲ್ಲಿನ ಊಟ ಸೇರಲಿಲ್ಲವೆಂದು ವಾಪಸು ಬಂದ. ಊಟ ಬರೀ ನೆಪ. ಅಲ್ಲಿ ಅವನು ಮುನ್ನೂರು ಜನರಲ್ಲಿ ಒಬ್ಬ. ಇಲ್ಲಿ, ಎಲೆಯಿಲ್ಲದ ಬಳ್ಳಿಯನ್ನು ಮುಟ್ಟಿ ಇದು ಇಂಥ ಜಾತಿಯದ್ದು ಎಂದು ಹೇಳಬಲ್ಲ ಒಬ್ಬನೇ ಒಬ್ಬ. ಬೆಟ್ಟ ಬೂದಿ ಉಗುಳಿದ ದಿನ ಮನೆಯ ಮಾಡು ಗುಡಿಸುವುದು, ಉಳಿದ ದಿನ ತೋಟ. ಐವತ್ತೈದು ವರ್ಷ ಹೀಗೇ ಸವೆದವು. ಜೊತೆಗೆ ಮೊಣಕಾಲೂ ಸವೆಯಿತು.

ಈಗ ಅವನು ಹೋಗುತ್ತಿದ್ದುದು ರುಜ್ಜೆರೊನ ತೋಟಕ್ಕೆ ಮಾತ್ರ. ರುಜ್ಜೆರೊನ ತೀರಿಹೋದ ಅಪ್ಪ, ಸಾರೊ ಧಣಿ, ಹಳೆಯ ಕಾಲದವನು; ಕರಿ ನೆರೆಲ್ಲೊ ಬಳ್ಳಿಗಳ ಸಾಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಬಿಳಿ ಮಿನ್ನೆಲ್ಲ ಇರಲೇಬೇಕು ಎನ್ನುತ್ತಿದ್ದ. ಬಿಳಿ ಸೇರಿದರೆ ವೈನಿನ ಒರಟುತನ ಇಳಿಯುತ್ತದೆ. ಮಿನ್ನೆಲ್ಲ ಎನ್ನುವುದು ಹಣ್ಣಿನ ಆಕಾರ ನೋಡಿ ಹಿರಿಯರು ಇಟ್ಟ ಹೆಸರು. ಅದರ ಅರ್ಥವನ್ನು ಹೆಂಗಸರ ಮುಂದೆ ಹೇಳಬಾರದು ಅಂತಾರೆ, ಆದರೆ ಕೊಯ್ಲಿನ ಹೊತ್ತಿಗೆ ಹೆಚ್ಚು ಹೇಳಿ ನಗುವವರು ಹೆಂಗಸರೇ.

ಜನವರಿಯಲ್ಲಿ ರುಜ್ಜೆರೊ ಬಂದು ಕಲ್ಲುಕಟ್ಟೆಯ ಮೇಲೆ ಕೂತ.

"ಮಾಮ, ಆ ಬಿಳಿ ಬಳ್ಳಿ ಎಲ್ಲಾ ಕಿತ್ತಾಕ್ಬಿಡೋಣ. ಕೊಳ್ಳೋರಿಗೆ ಅಪ್ಪಟ ನೆರೆಲ್ಲೊನೇ ಬೇಕಂತೆ. ಎಷ್ಟಿವೆ?"

"ನಲವತ್ತು. ನಿಮ್ಮಪ್ಪ ಇದ್ದಿದ್ರೆ ಮೊದ್ಲು ನಿನ್ನನ್ನ ಕೀಳೋನು."

"ಅದಕ್ಕೇ ಅವ್ರು ಹೋದ್ಮೇಲೆ ಕೇಳ್ತಿರೋದು," ಎಂದು ರುಜ್ಜೆರೊ ನಕ್ಕ. "ಫೆಬ್ರವರೀಲಿ ಕೀಳೋರು ಬರ್ತಾರೆ. ಆ ಜಾಗಕ್ಕೆ ನರ್ಸರಿ ಸಸಿ ಹಾಕ್ಸೋಣ. ನೀವು ಗುರುತು ಹಾಕ್ಕೊಟ್ರೆ ಸಾಕು, ಆಮೇಲೆ ಆರಾಮಾಗಿ ಮನೇಲಿರಿ."

ಮನೆಯಲ್ಲಿ ಹೆಂಡತಿ ವೆನೆರಾ ಸೊಪ್ಪು ಬೇಯಿಸುತ್ತಿದ್ದಳು. ವಿಷಯ ಕೇಳಿ, "ಸೆಪ್ಟೆಂಬರ್‌ವರೆಗೂ ಕಾಯಪ್ಪ ಅನ್ನು ಅವನಿಗೆ. ಹಣ್ಣು ಬಣ್ಣ ತಿರುಗಿದ್ಮೇಲೆ ಕಣ್ಣಿದ್ದೋರೆಲ್ಲ ಹೇಳ್ತಾರೆ," ಎಂದಳು.

"ಕಣ್ಣಿದ್ದೋರೆಲ್ಲ ಹೇಳೋದಾದ್ರೆ ನಾನ್ಯಾಕೆ ಬೇಕು?"

"ಸರಿ, ನೀನೇ ಹೇಳು. ಕಣ್ಣು ಮುಚ್ಕೊಂಡೇ ಹೇಳು."

ಕತ್ತರಿಸಿದ ಮೇಲೆ ಬಳ್ಳಿಯಲ್ಲಿ ಉಳಿಯುವುದು ಮೊಣಕಾಲೆತ್ತರದ ಬೊಡ್ಡೆ, ಅದರ ತಲೆಯ ಮೇಲೆ ಗೇಣುದ್ದದ ನಾಲ್ಕು ಕಡ್ಡಿ. ಜಾತಿ ತಿಳಿಯಬೇಕಾದರೆ ಬಗ್ಗಿ ಗಿಣ್ಣು ಮುಟ್ಟಬೇಕು, ತೊಗಟೆ ಕೆರೆದು ನೋಡಬೇಕು. ಮೊದಲ ಮೂರು ಬಳ್ಳಿಗೆ ಚಿರಿನೊ ಬಗ್ಗಿದ. ನಾಲ್ಕನೆಯದಕ್ಕೆ ಬಗ್ಗಿದವನಿಗೆ ಏಳಲು ಆಗಲಿಲ್ಲ. ಪಕ್ಕದ ಬಳ್ಳಿಗೆ ನೆಟ್ಟ ಆಸರೆ ಗೂಟವನ್ನು ತಬ್ಬಿಕೊಂಡು ಎದ್ದ. ತೋಟದ ಒಂದೊಂದು ಬಳ್ಳಿಯೂ ಬಾಯಿಪಾಠವಾಗಿರುವಾಗ ಈ ಕಷ್ಟವೇಕೆ ಅನ್ನಿಸಿತು. ಉದ್ದನೆಯ ಕೋಲಿಗೆ ಬ್ರಷ್ ಕಟ್ಟಿಕೊಂಡು, ನಿಂತಲ್ಲಿಂದಲೇ, ಈ ಸಾಲಿನಲ್ಲಿ ಆರನೆಯದು, ಆ ಸಾಲಿನಲ್ಲಿ ಹನ್ನೊಂದನೆಯದು ಎಂದು ಕೆಂಪು ಬಣ್ಣ ಬಳಿಯುತ್ತ ಹೋದ. ನಲವತ್ತೂ ಮಧ್ಯಾಹ್ನದೊಳಗೆ ಮುಗಿದವು. ಫೆಬ್ರವರಿಯಲ್ಲಿ ಅವನ್ನು ಬುಡಸಮೇತ ಕಿತ್ತು, ಆ ಜಾಗಕ್ಕೆ ನರ್ಸರಿ ಸಸಿ ನೆಟ್ಟರು.

ಏಪ್ರಿಲ್‌ನಲ್ಲಿ ಎಲೆ ಬಿಚ್ಚಿತು. ಕತ್ತರಿ ನೇತುಹಾಕಿದ್ದರೂ ಚಿರಿನೊಗೆ ತೋಟ ನೋಡದೆ ನಿದ್ದೆ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಐದನೆಯ ಸಾಲಿನಲ್ಲಿ ಒಂದು ಮಿನ್ನೆಲ್ಲ ಎಲೆ ಬಿಟ್ಟುಕೊಂಡು ಹಾಯಾಗಿ ನಿಂತಿತ್ತು. ಮುಂದೆ ಇನ್ನೊಂದು. ಎಣಿಸಿದ, ಏಳು. ಏಳು ಬಿಳಿ ಉಳಿದಿವೆ ಎಂದರೆ ಕಿತ್ತ ನಲವತ್ತರಲ್ಲಿ ಏಳು ಕರಿ.

ಹೇಗಾಯಿತೆಂದು ಅವನಿಗೆ ಅಲ್ಲೇ ಹೊಳೆಯಿತು. ಈ ತೋಟದ ಬಳ್ಳಿಗಳಿಗೆ ಕಸಿ ಇಲ್ಲ, ಸ್ವಂತ ಬೇರು. ಒಂದು ಬಳ್ಳಿ ಸತ್ತರೆ ಪಕ್ಕದ ಬಳ್ಳಿಯ ಉದ್ದನೆಯ ಕಡ್ಡಿಯನ್ನು ಕತ್ತರಿಸದೆ ಬಗ್ಗಿಸಿ, ಮಣ್ಣಿನಲ್ಲಿ ಹೂತು, ಸತ್ತದ್ದರ ಜಾಗದಲ್ಲಿ ತುದಿ ಮೇಲೆ ಬರುವಂತೆ ಮಾಡುತ್ತಾರೆ. ಮೂರು ಚಳಿಗಾಲ ಅದು ತಾಯಿಯನ್ನೇ ಉಂಡು ಬೇರು ಬಿಡುತ್ತದೆ. ಆಮೇಲೆ ಕತ್ತರಿಸಿ ಬೇರೆ ಮಾಡುತ್ತಾರೆ. ಹೀಗೆ ಬಿಳಿ ಸತ್ತಲ್ಲಿ ಕರಿ ಬಂದಿತ್ತು, ಕರಿ ಸತ್ತಲ್ಲಿ ಬಿಳಿ. ಎಲ್ಲ ಅವನೇ ತನ್ನ ಕೈಯಾರೆ ಹೂತಿದ್ದು, ಇಪ್ಪತ್ತು ವರ್ಷದ ಹಿಂದೆ. ಅವನು ಬಾಯಿಪಾಠ ಒಪ್ಪಿಸಿದ್ದು ಅದಕ್ಕೂ ಹಿಂದಿನ ತೋಟವನ್ನು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಎಲೆ ನೋಡಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಜುಲೈನಲ್ಲಿ, ಗೊಂಚಲೆಲ್ಲ ಇನ್ನೂ ಒಂದೇ ಹಸಿರಿದ್ದಾಗ, ಏಳೂ ಬಳ್ಳಿಯ ಕಾಯಿ ಕತ್ತರಿಸಿ ಎಸೆದುಬಿಡೋಣವೆಂದು ಹೊರಟ. ಒಂದು ಬಳ್ಳಿಯದು ಕತ್ತರಿಸುವಷ್ಟರಲ್ಲಿ ಸಾಕಾಯಿತು. ಒಳ್ಳೆಯತನ ಅಡ್ಡ ಬಂತು ಎಂದೇನೂ ಹೇಳಲಾರೆ. ಆ ಬಿಸಿಲಿನಲ್ಲಿ, ಆ ಕಾಲಿನಲ್ಲಿ, ಕಳ್ಳತನ ಮಾಡಲೂ ಅವನಿಗೆ ತ್ರಾಣ ಇರಲಿಲ್ಲ.

ಅಕ್ಟೋಬರ್‌ನ ಕೊಯ್ಲಿನ ದಿನ ಮೊದಲ ಬಿಳಿ ಗೊಂಚಲು ನೆರೆಮನೆಯ ಸಂತಿನಾಳ ಬುಟ್ಟಿಗೆ ಬಿತ್ತು. ಅವಳು ಅದನ್ನು ಎತ್ತಿ ಹಿಡಿದು ಕೂಗಿದಳು: "ಚಿರಿನೊ ಮಾಮ! ಇದು ಕರೀದಾ ಬಿಳೀದಾ? ಕನ್ನಡಕ ತರಿಸ್ಲಾ?"

ಸಾಲಿಗೆ ಸಾಲೇ ನಕ್ಕಿತು. ಚಿರಿನೊನ ಮುಖ ಕಪ್ಪಿಟ್ಟಿತು. ಅವನು ನೆಟ್ಟಗೆ ರುಜ್ಜೆರೊನ ಹತ್ತಿರ ಹೋದ.

"ತಪ್ಪು ನಂದು. ಬಗ್ಗಿ ನೋಡ್ಲಿಲ್ಲ. ಏಳು ಬಿಳಿ ಉಳಿದಿದೆ, ಏಳು ಕರಿ ಹೋಯ್ತು. ಏಪ್ರಿಲ್‌ನಲ್ಲೇ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ."

ರುಜ್ಜೆರೊ ಫೋನಿನಿಂದ ತಲೆ ಎತ್ತಿದ. "ಏಳೇನಾ? ಅಯ್ಯೋ, ಬಿಡಿ ಮಾಮ. ಅದೂ ಸೇರಿ ಹೋಗ್ಲಿ ತೊಟ್ಟಿಗೆ. ಯಾರಿಗೆ ಗೊತ್ತಾಗತ್ತೆ?"

ಬೈದಿದ್ದರೆ ಚಿರಿನೊ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದ. ಆರು ತಿಂಗಳು ಅವನು ಒಳಗೊಳಗೇ ಬೆಂದದ್ದು ಈ ಮನುಷ್ಯನಿಗೆ ಲೆಕ್ಕಕ್ಕೇ ಇಲ್ಲ. ಜನ್ಮದಲ್ಲಿ ಮೊದಲ ಸಲ ಅವನು ಧಣಿಯ ಮೇಲೆ ರೇಗಿದ.

"ನಂಗೆ ಗೊತ್ತಾಗತ್ತೆ ಕಣೋ! ನೂರು ವರ್ಷದ ಬೇರಿನ ಮಕ್ಕಳು ಆ ಹೋದ ಕರಿ ಬಳ್ಳಿಗಳು. ಅವಿದ್ದ ಏಳು ಜಾಗಕ್ಕೆ ನಿನ್ನ ನರ್ಸರಿ ಸಸಿ ಬೇಡ, ಕಿತ್ತುಬಿಡು. ನಾನೇ ಬಂದು ಪಕ್ಕದ ಕಡ್ಡಿ ಹೂಳ್ತೀನಿ."

"ಆ ಕಾಲಲ್ಲಾ?"

"ಕಾಲು ನಂದು."

ಡಿಸೆಂಬರ್‌ನಲ್ಲಿ ಹೂಳಲು ಹೋದಾಗ ವೆನೆರಾಳೂ ಜೊತೆಗೆ ಬಂದಳು. ಅವನು ನಿಂತು ಹೇಳುವುದು, ಅವಳು ಕಪ್ಪು ಮಣ್ಣಿನಲ್ಲಿ ಮಂಡಿಯೂರಿ ಮಾಡುವುದು. ನಲವತ್ತಾರು ವರ್ಷ ಅವನ ಹಿಂದೆ ಕಡ್ಡಿ ಆಯ್ದು ಹೊರೆ ಕಟ್ಟಿದವಳು. ಕತ್ತರಿಯನ್ನು ಮಾತ್ರ ಮುಟ್ಟಿದವಳಲ್ಲ. ಈ ಊರಿನಲ್ಲಿ ಅದು ಗಂಡಸರ ಕೈಯದು. ಏಳನೆಯ ಕಡ್ಡಿಯ ಮೇಲೆ ಮಣ್ಣು ಎಳೆದು ತಟ್ಟಿ ಅವಳು ಕೇಳಿದಳು:

"ತಾಯಿಯಿಂದ ಬಿಡಿಸೋದು ಯಾವಾಗ?"

"ಮೂರು ಚಳಿಗಾಲ ಕಳೀಬೇಕು. ನಾನಿಲ್ದಿದ್ರೆ ನೀನೇ ಕತ್ತರಿಸು. ಇವತ್ತಿಂದ್ಲೇ ಕಲ್ತುಕೋ."

"ಈಗ ಹೇಳ್ತಿದೀಯಲ್ಲ."

"ನೀನು ಯಾವತ್ತಾದ್ರೂ ಕೇಳಿದ್ರೆ ತಾನೆ?"

"ಕೇಳಿದ್ದೆ. ಮದುವೆಯಾದ ವರ್ಷ, ಇದೇ ತೋಟದಲ್ಲಿ, ಇಲ್ಲೇ ಮೇಲಿನ ಪಾತಿಯಲ್ಲಿ. ನಂಗೂ ಕಲಿಸು ಅಂದೆ. ಜೊತೇಲಿದ್ದ ಗಂಡಸ್ರೆಲ್ಲ ನಕ್ರು. ನೀನೂ ನಕ್ಕೆ."

ಚಿರಿನೊ ಮೇಲಿನ ಪಾತಿಯ ಕಡೆ ನೋಡಿದ. ಅಲ್ಲಿಯ ಬಳ್ಳಿಗಳು ನೆನಪಿದ್ದವು. ಆ ವರ್ಷ ಎಷ್ಟು ಬೂದಿ ಬಿದ್ದಿತ್ತು ಎನ್ನುವುದೂ ನೆನಪಿತ್ತು. ಅವಳು ಕೇಳಿದ್ದು ನೆನಪಿರಲಿಲ್ಲ.

ಕತ್ತರಿಯನ್ನು ಜೇಬಿನಿಂದ ತೆಗೆದು ಹಿಡಿ ಅವಳ ಕಡೆಗಿರುವಂತೆ ಚಾಚಿದ. ವೆನೆರಾ ಕೂಡಲೇ ತೆಗೆದುಕೊಳ್ಳಲಿಲ್ಲ. ಅವಳು ಬೆರಳ ಸಂದಿನ ಮಣ್ಣನ್ನು ನಿಧಾನವಾಗಿ ಒರೆಸಿಕೊಳ್ಳುತ್ತ ಕೂತಿದ್ದಳು. ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ನಿಂತೇ ಇದ್ದ.